ಅಪ್‌ಡೇಟ್: ಫೇಸ್‌ಬುಕ್‌ನ ಆ ಮದುವೆಮನೆ ಫೋಟೋಗಳು ಕೊನೆಗೂ ಹೋದವು

ಹೋದ ವಾರ ಕೇಳಿದ್ದೆನಲ್ಲ, ಚಿಕ್ಕಪ್ಪನ ಮಗ 2013ರ ಮದುವೆಮನೆ ಫೋಟೋಗಳಿಗೆಲ್ಲ ನನ್ನನ್ನು ಟ್ಯಾಗ್ ಮಾಡಿದ್ದಾನೆ, ನನ್ನ ಪ್ರೊಫೈಲ್ ತೆರೆದವರಿಗೆಲ್ಲ ಅವೇ ಕಾಣುತ್ತವೆ, ತೆಗೆಯೋದು ಹೇಗೆ ಅಂತ. ಕೆಲಸ ಆಯಿತು.

ಮೊದಲು ‘ಡಿಲೀಟ್ ಒತ್ತಿ’ ಅಂದವರ ಮಾತು ಕೇಳಿದೆ. ನಾನು ಹಾಕಿದ ಫೋಟೋ ಅಲ್ಲವಲ್ಲ, ಆ ಆಯ್ಕೆಯೇ ಬರಲಿಲ್ಲ. ರಿಪೋರ್ಟ್ ಮಾಡಿದ್ದೂ ದಂಡ. ಬಾಯಿ ತುಂಬ ಹೋಳಿಗೆ ತುರುಕಿಕೊಂಡು ಎಲೆ ಮುಂದೆ ಕೂತಿರೋದು ಯಾವ ನಿಯಮಕ್ಕೂ ವಿರುದ್ಧ ಅಲ್ಲ, ಅಲ್ವಾ!

ಕೈ ಹಿಡಿದದ್ದು ಆಕ್ಟಿವಿಟಿ ಲಾಗ್ (ಫೇಸ್‌ಬುಕ್‌ನಲ್ಲಿ ನಮ್ಮ ಚಟುವಟಿಕೆಗಳ ಪಟ್ಟಿ) ಸಲಹೆ. ನಾವು ಟ್ಯಾಗ್ ಆಗಿರುವ ಫೋಟೋಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ, ಬೇಡದ್ದಕ್ಕೆಲ್ಲ ಟಿಕ್ ಹಾಕಿ ಒಟ್ಟಿಗೇ ಟ್ಯಾಗ್ ತೆಗೆಯಬಹುದು. ನಲವತ್ತಕ್ಕೂ ಜಾಸ್ತಿ ಇದ್ದವು, ಕಾಫಿ ಆರೋದರೊಳಗೆ ಮುಗಿಯಿತು. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್.

ಗೊತ್ತಿಲ್ಲದೇ ಇದ್ದದ್ದು ಒಂದಿತ್ತು. ಟ್ಯಾಗ್ ಹೋದರೆ ನನ್ನ ಪ್ರೊಫೈಲ್‌ನಿಂದ ಮಾತ್ರ ಹೋಗುತ್ತೆ, ಫೋಟೋ ಅವನ ಆಲ್ಬಮ್‌ನಲ್ಲಿ ಹಾಗೇ ಇರುತ್ತೆ. ಅದಕ್ಕೆ ಸೆಟ್ಟಿಂಗ್ ಇಲ್ಲ, ಫೋನೇ ಗತಿ. “ಆ ಹೋಳಿಗೆ ಫೋಟೋ ಒಂದು ತೆಗೆಯೋ ಮಾರಾಯ” ಅಂದೆ. ಹೊಟ್ಟೆ ಹಿಡಿದು ನಕ್ಕು ತೆಗೆದ. ಇಷ್ಟು ಸುಲಭ ಅಂತ ಗೊತ್ತಿದ್ದರೆ ಮೊದಲೇ ಮಾಡುತ್ತಿದ್ದೆ, ಸುಮ್ನೆ ಸಂಕೋಚ ಪಟ್ಟುಕೊಂಡೆ.

ಜೊತೆಗೆ ನನ್ನನ್ನು ಟ್ಯಾಗ್ ಮಾಡಿದ ಪೋಸ್ಟ್‌ಗಳನ್ನು ಮೊದಲು ನಾನೇ ನೋಡಿ ಒಪ್ಪುವ ಸೆಟ್ಟಿಂಗ್ ಆನ್ ಮಾಡಿಟ್ಟಿದ್ದೇನೆ, ಇನ್ನು ಯಾರು ಟ್ಯಾಗ್ ಮಾಡಿದರೂ ನಾನು ಒಪ್ಪದೆ ನನ್ನ ಪ್ರೊಫೈಲ್‌ಗೆ ಬರಲ್ಲ. ಹಾಗೇ ನನ್ನವೇ ಕೆಲವು ಹಳೇ ಪೋಸ್ಟ್ ಟ್ರ್ಯಾಶ್‌ಗೆ ಹಾಕಿದೆ. 30 ದಿನ ಅಲ್ಲೇ ಇರುತ್ತವಂತೆ, ಮನಸ್ಸು ಬದಲಾದರೆ ವಾಪಸ್ ತರಬಹುದು.