ಇಂಗ್ಲೆಂಡಿನ ಹಳೆಯ ಸಾಲುಮನೆ: ನಡುಗೋಡೆ ಒಡೆಯುವುದೋ, ಉಳಿಸಿಕೊಳ್ಳುವುದೋ?

ಲೆಸ್ಟರ್ ನಿವಾಸಿ:
ಎಲ್ಲರಿಗೂ ನಮಸ್ಕಾರ. ಲೆಸ್ಟರ್‌ನಲ್ಲಿ 1890ರ ದಶಕದ ಇಟ್ಟಿಗೆಯ ಸಾಲುಮನೆಯೊಂದನ್ನು ಕೊಂಡಿದ್ದೇವೆ. ಬೀದಿಗೆ ಮುಖಮಾಡಿದ ಒಂದು ಕೋಣೆ, ಅದರ ಹಿಂದೆ ಇನ್ನೊಂದು, ಅದಕ್ಕೂ ಹಿಂದೆ ಇಕ್ಕಟ್ಟಾದ ಉದ್ದನೆಯ ಅಡುಗೆಮನೆ. ನಡುಕೋಣೆಯಲ್ಲಿ ಹಗಲಿನಲ್ಲೂ ದೀಪ ಹಾಕಬೇಕು. ಎರಡು ಕೋಣೆಗಳ ನಡುವಿನ ಗೋಡೆಯನ್ನೂ ನಡುಕೋಣೆಯಲ್ಲಿ ಉಬ್ಬಿ ನಿಂತಿರುವ ಚಿಮಣಿಯ ಭಾಗವನ್ನೂ ತೆಗೆಸಿ ಒಂದೇ ದೊಡ್ಡ ಪಡಸಾಲೆ ಮಾಡಿಸಬೇಕೆಂಬುದು ನಮ್ಮ ಮನೆಯವರ ಆಸೆ. ಇದರ ಜೊತೆಗೆ ಮುಂಗೋಡೆಯ ಕೆಳಭಾಗದಲ್ಲಿ ತೇವವಿದ್ದು, ಬಣ್ಣ ಹಪ್ಪಳದಂತೆ ಎದ್ದಿದೆ. ಗೋಡೆಗೆ ರಾಸಾಯನಿಕ ತುಂಬಿ ಸಿಮೆಂಟ್ ಗಾರೆ ಮಾಡಿದರೆ ಸಾಕೆಂದು ಗುತ್ತಿಗೆದಾರರು ಹೇಳುತ್ತಾರೆ. ಯಾವ ಕೆಲಸವನ್ನು ಮೊದಲು ಹಿಡಿಯಬೇಕು? ದೇವರಿಗೆ ಎಲ್ಲಿ ಜಾಗ ಮಾಡುವುದು?

ಕಟ್ಟಡ ಎಂಜಿನಿಯರ್, ಬರ್ಮಿಂಗ್‌ಹ್ಯಾಮ್:
ಗೋಡೆ ಒಡೆಯುವ ಮಾತಿಗೆ ಮುನ್ನ ಮಹಡಿಗೆ ಹೋಗಿ ಕಾರ್ಪೆಟ್ ಎತ್ತಿ, ನೆಲದ ಹಲಗೆಗಳು ಯಾವ ದಿಕ್ಕಿಗೆ ಹಾಸಿವೆ ಎಂದು ನೋಡಿ. ಜಂತೆಗಳು ಹಲಗೆಗಳಿಗೆ ಅಡ್ಡಲಾಗಿರುತ್ತವೆ. ಆದ್ದರಿಂದ ಹಲಗೆಗಳು ನಡುಗೋಡೆಗೆ ಸಮಾನಾಂತರವಾಗಿದ್ದರೆ ಜಂತೆಗಳ ತುದಿ ಬಹುಮಟ್ಟಿಗೆ ಆ ಗೋಡೆಯ ಮೇಲೆಯೇ ಕುಳಿತಿದೆ ಎಂದು ತಿಳಿಯಬಹುದು. ಹಾಗಿಲ್ಲದಿದ್ದರೂ ಮಹಡಿಯ ಗೋಡೆ ಅದರ ಮೇಲೆ ನಿಂತಿರಬಹುದಾದ್ದರಿಂದ, ಸ್ಟ್ರಕ್ಚರಲ್ ಎಂಜಿನಿಯರರ ಲೆಕ್ಕಾಚಾರವಿಲ್ಲದೆ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ. ಗೋಡೆಯ ಬದಲು ಭಾರ ಹೊರುವ ಉಕ್ಕಿನ ತೊಲೆಯ ತುದಿಗಳನ್ನು ನೆರೆಮನೆಯೊಡನೆ ಹಂಚಿಕೊಂಡ ಗೋಡೆಯೊಳಗೆ ಸೇರಿಸುವುದಾದರೆ, 1996ರ ಪಾರ್ಟಿ ವಾಲ್ ಕಾಯ್ದೆಯಂತೆ ಕೆಲಸ ಆರಂಭಿಸುವ ಎರಡು ತಿಂಗಳು ಮೊದಲೇ ಅವರಿಗೆ ಲಿಖಿತ ಸೂಚನೆ ಕೊಡಬೇಕು. ಅವರು 14 ದಿನಗಳೊಳಗೆ ಒಪ್ಪಿಗೆ ಕೊಡದಿದ್ದರೆ ಅದನ್ನು ವಿವಾದವೆಂದೇ ಪರಿಗಣಿಸಿ ಅದನ್ನು ತೀರ್ಮಾನಿಸುವ ಸರ್ವೇಯರ್‌ಗಳನ್ನು ನೇಮಿಸಬೇಕಾಗುತ್ತದೆ. ಸೂಚನೆ ಕೈಗಿಡುವ ಮೊದಲು ಒಂದು ಸಂಜೆ ಅವರ ಮನೆಗೆ ಹೋಗಿ ಚಹಾ ಕುಡಿದು ವಿಷಯ ತಿಳಿಸುವುದು ಒಳ್ಳೆಯದು. ಇದಲ್ಲದೆ ಕೌನ್ಸಿಲ್‌ನ (ಸ್ಥಳೀಯ ಆಡಳಿತದ) ಬಿಲ್ಡಿಂಗ್ ಕಂಟ್ರೋಲ್, ಅಂದರೆ ಕಟ್ಟಡ ಕೆಲಸ ನಿಯಮದಂತಿದೆಯೇ ಎಂದು ನೋಡುವ ವಿಭಾಗದ ಅನುಮೋದನೆಯೂ ಪ್ರತ್ಯೇಕವಾಗಿ ಬೇಕು. ಮುಂದೆ ಮನೆ ಮಾರುವಾಗ ಅದರ ಪ್ರಮಾಣಪತ್ರವನ್ನು ಕೊಳ್ಳುವವರ ವಕೀಲರು ಕೇಳಿಯೇ ಕೇಳುತ್ತಾರೆ.

ಹಳೆಮನೆ ಪ್ರಿಯ:
ಗುತ್ತಿಗೆದಾರರ ಸಲಹೆಗೆ ನನ್ನ ಸಹಮತವಿಲ್ಲ. ಆ ಕಾಲದ ಇಂಥ ಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂಬತ್ತು ಅಂಗುಲ ದಪ್ಪದ ಗಟ್ಟಿ ಇಟ್ಟಿಗೆಯದು, ನಡುವೆ ಟೊಳ್ಳು ಇರುವುದಿಲ್ಲ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ಮಳೆನೀರನ್ನು ಸ್ವಲ್ಪ ಹೀರಿಕೊಂಡು ಬಿಸಿಲುಗಾಳಿಗೆ ಮತ್ತೆ ಬಿಟ್ಟುಕೊಡುತ್ತದೆ. ಒಳಗೆ ಸಿಮೆಂಟ್ ಬಳಿದರೆ ಆ ತೇವಕ್ಕೆ ದಾರಿ ಕಟ್ಟಿ, ಇನ್ನಷ್ಟು ಮೇಲೆ ಹೋಗಿ ಕಾಣಿಸಿಕೊಳ್ಳುತ್ತದೆ. ಮೊದಲು ಹೊರಗೆ ನಿಂತು ನೋಡಿ. ಗೋಡೆಯ ಬುಡದಲ್ಲಿ ಸ್ಲೇಟ್ ಕಲ್ಲಿನ ತೆಳುವಾದ ತೇವತಡೆ ಪದರವಿರಬಹುದು. ಯಾರೋ ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ಅದನ್ನು ಹೂತುಬಿಟ್ಟಿದ್ದರೆ ತೊಂದರೆಯ ಮೂಲ ಅಲ್ಲಿಯೇ ಇದೆ. ಹೊರನೆಲ ಆ ಪದರಕ್ಕಿಂತ ಕನಿಷ್ಠ 150 ಮಿಲಿಮೀಟರ್ ಕೆಳಗಿರಬೇಕು. ಮಳೆ ಸುರಿಯುವಾಗ ಸೂರಿನಂಚಿನ ನೀರುದೋಣಿಯ ಕೀಲುಗಳಿಂದ ನೀರು ಗೋಡೆಗೆ ಇಳಿಯುತ್ತಿದೆಯೇ, ಮರದ ನೆಲದಡಿ ಗಾಳಿಯಾಡಲು ಬಿಟ್ಟ ತೂತಿನ ಇಟ್ಟಿಗೆಗಳು ಮುಚ್ಚಿಹೋಗಿವೆಯೇ ಎಂಬುದನ್ನೂ ಪರೀಕ್ಷಿಸಿ. ಇವನ್ನು ಸರಿಪಡಿಸಿ, ಗೋಡೆ ಒಣಗಲು ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿ. ಇನ್ನೊಂದು ವಿಷಯ: ಛಾವಣಿಯ ಒಳಮೈಯಲ್ಲಿ ಸುಳಿಸುಳಿಯಾದ ಆರ್ಟೆಕ್ಸ್ ಲೇಪವಿದ್ದರೆ ಪರೀಕ್ಷೆ ಮಾಡಿಸದೆ ಕೆರೆಯಬೇಡಿ. ಬ್ರಿಟನ್‌ನಲ್ಲಿ ಆಸ್ಬೆಸ್ಟಾಸ್ (ಧೂಳಾಗಿ ಉಸಿರಿಗೆ ಸೇರಿದರೆ ಅಪಾಯಕಾರಿಯಾದ ಕಲ್ನಾರು) ಸಂಪೂರ್ಣ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದಿನ ಲೇಪದಲ್ಲಿ ಅದು ಇರುವ ಸಾಧ್ಯತೆಯಿದೆ.

ಒಳಾಂಗಣ ವಿನ್ಯಾಸಕಿ:
ನಾನಾಗಿದ್ದರೆ ನಡುಗೋಡೆಯನ್ನು ಪೂರ್ತಿ ತೆಗೆಸುತ್ತಿರಲಿಲ್ಲ. ಮುಂಕಿಟಕಿಯ ಬೆಳಕು ನಡುಕೋಣೆಗೆ ತಲುಪುವಷ್ಟು ಅಗಲವಾಗಿ ಬಾಯಿ ತೆರೆದು, ಗಾಜಿನ ಜೋಡಿ ಬಾಗಿಲು ಕೂರಿಸಿದರೆ ಬೆಳಕೂ ಬರುತ್ತದೆ, ಚಳಿಗಾಲದಲ್ಲಿ ಒಂದೇ ಕೋಣೆಯನ್ನು ಬೆಚ್ಚಗಿಟ್ಟುಕೊಳ್ಳಲೂ ಆಗುತ್ತದೆ. ಅತಿಥಿಗಳು ಮುಂದೆ ಕುಳಿತಿರುವಾಗ ಮಕ್ಕಳು ಹಿಂದೆ ಓದಿಕೊಳ್ಳಲು ಗೋಡೆಯ ಅಗತ್ಯ ಆಗಲೇ ತಿಳಿಯುವುದು. ಚಿಮಣಿಯ ಉಬ್ಬಿನ ಎರಡೂ ಪಕ್ಕದಲ್ಲಿ ಗೂಡಿನಂಥ ಜಾಗ ಉಳಿದಿರುತ್ತದೆಯಲ್ಲವೇ? ಅದರಲ್ಲೊಂದಕ್ಕೆ ಮರದ ಚೌಕಟ್ಟು ಹಾಕಿಸಿ, ದೀಪದ ಬಿಸಿ ತಟ್ಟುವ ಕಡೆ ಕಲ್ಲಿನ ಹಾಸು ಮಾಡಿಸಿದರೆ ದೇವರ ಮನೆ ಸಿದ್ಧ. ಅಡುಗೆಮನೆಯ ಫ್ಯಾನ್ ಹೊಗೆಯನ್ನು ಸೋಸಿ ಒಳಗೇ ಬಿಡುವ ಬಗೆಯದಾಗದಿರಲಿ. ನಮ್ಮ ಒಗ್ಗರಣೆಯ ಘಾಟಿಗೆ ಕೊಳವೆಯ ಮೂಲಕ ನೇರವಾಗಿ ಹೊರಗೆ ತಳ್ಳುವಂಥದ್ದೇ ಬೇಕು. ಅಲ್ಲಿ ಹೊಗೆಯ ಬದಲು ಶಾಖಕ್ಕೆ ಕೂಗುವ ಅಲಾರಂ ಹಾಕಿಸಿ, ಇಲ್ಲವಾದರೆ ಮೆಣಸಿನಕಾಯಿ ಹುರಿದಾಗಲೆಲ್ಲ ಬೀದಿಯೇ ಎಚ್ಚರಗೊಳ್ಳುತ್ತದೆ.

ಲೆಸ್ಟರ್ ನಿವಾಸಿ:
ಎಲ್ಲರಿಗೂ ಧನ್ಯವಾದಗಳು. ಹಲಗೆಗಳು ನಡುಗೋಡೆಗೆ ಸಮಾನಾಂತರವಾಗಿಯೇ ಇವೆ. ಗಾಜಿನ ಬಾಗಿಲಿನ ಯೋಚನೆ ಮನೆಯವರಿಗೂ ಹಿಡಿಸಿದೆ. ಚಿಮಣಿಯನ್ನು ಮಹಡಿಯಲ್ಲಿ ಹಾಗೆಯೇ ಬಿಟ್ಟು, ಕೆಳಗಿನದನ್ನು ಮಾತ್ರ ತೆಗೆಸಬಹುದೇ?

ಕಟ್ಟಡ ಎಂಜಿನಿಯರ್, ಬರ್ಮಿಂಗ್‌ಹ್ಯಾಮ್:
ತೆಗೆಸಬಹುದು, ಆದರೆ ಮೇಲೆ ಉಳಿಯುವ ಟನ್‌ಗಟ್ಟಲೆ ಇಟ್ಟಿಗೆಯನ್ನು ಹೊರಲು ಮತ್ತೊಂದು ಉಕ್ಕಿನ ತೊಲೆ ಬೇಕಾಗುತ್ತದೆ. ಅದಕ್ಕೂ ಬಿಲ್ಡಿಂಗ್ ಕಂಟ್ರೋಲ್ ಒಪ್ಪಿಗೆ, ನೆರೆಮನೆಗೆ ಸೂಚನೆ ಎರಡೂ ಅಗತ್ಯ. ನೆರೆಯವರ ಚಿಮಣಿ ನಿಮ್ಮದಕ್ಕೆ ಬೆನ್ನು ಕೊಟ್ಟು ನಿಂತಿರುವುದು ಸಾಮಾನ್ಯವಾದ್ದರಿಂದ, ಅವರು ತಮ್ಮ ಕಡೆಯದನ್ನು ಈಗಾಗಲೇ ತೆಗೆಸಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಬಾಗಿಲಿನ ತೊಲೆಯ ಜೊತೆಗೆ ಇದರ ಖರ್ಚನ್ನೂ ಕೂಡಿಸಿ ನೋಡಿದರೆ, ದೇವರ ಗೂಡಿನ ಪಕ್ಕದಲ್ಲಿ ಚಿಮಣಿ ಇರಲಿ ಎಂದೇ ನಿಮಗೂ ಅನ್ನಿಸೀತು.