ಪದ ಬೇಕು: ಜನರನ್ನು ಒಯ್ದು, ಮರಳಿ ಬಂದು, ಮತ್ತೆ ಹಾರುವ ನೌಕೆಗೆ ಏನನ್ನೋಣ?

ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಬಾಹ್ಯಾಕಾಶ ಪ್ರದರ್ಶನವೊಂದಕ್ಕೆ ಕನ್ನಡ ಫಲಕ ಬರೆಯುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. 1981ರಲ್ಲಿ ಮೊದಲು ಹಾರಿದ ಅಮೆರಿಕದ ಸ್ಪೇಸ್ ಷಟಲ್ ಕೊಲಂಬಿಯಾದಿಂದ ಸ್ಪೇಸ್ಎಕ್ಸ್ ಕಂಪನಿಯ ಈಗಿನ ಕ್ರೂ ಡ್ರ್ಯಾಗನ್‌ವರೆಗೆ ಎಲ್ಲಕ್ಕೂ ಒಂದೇ ತಲೆಬರಹ. "ಪುನರ್ಬಳಕೆಯ ಮಾನವಸಹಿತ ಬಾಹ್ಯಾಕಾಶ ನೌಕೆ" ಅಂತ ಬರೆದೆ. ಜಾಗ ಸಾಲುತ್ತಿಲ್ಲ, ಮಕ್ಕಳ ಬಾಯಲ್ಲೂ ತಿರುಗುವುದಿಲ್ಲ. ಮೂರು ಪದದಲ್ಲಿ ಮುಗಿಸಲು ಆಗುತ್ತದಾ?

---

ಪುನರ್ಬಳಕೆ ಅರಿಸಮಾಸ, ಸಂಸ್ಕೃತ-ಕನ್ನಡದ ಬೆರಕೆ. ಮರುಬಳಕೆ ಅನ್ನಿ. ಮುಗಿಯಿತು.

---

ಮುಗಿಯಲಿಲ್ಲ ಸಾರ್. ಮಂಗಳಾರತಿಯೂ ಅರಿಸಮಾಸವೇ, ಅದನ್ನು ಯಾರು ಬಿಟ್ಟಿದ್ದಾರೆ? ನನ್ನ ತಕರಾರು ಬೇರೆ. ಮರುಬಳಕೆ ಅಂದರೆ ಈಗ ಎಲ್ಲರಿಗೂ ನೆನಪಾಗುವುದು ಪ್ಲಾಸ್ಟಿಕ್ ಕರಗಿಸಿ ಬೇರೇನೋ ಮಾಡುವುದು. ಇಲ್ಲಿ ಅದೇ ನೌಕೆ ಮತ್ತೆ ಮೇಲೆ ಹೋಗುತ್ತದೆ. ಡಿಸ್ಕವರಿ ಷಟಲ್ ಒಂದೇ 39 ಸಲ ಹೋಗಿ ಬಂತು. ಸುಮ್ನೆ "ಮರಳುವ ನೌಕೆ" ಅನ್ನಿ.

---

"ಮರಳುವ" ಸಾಲದು. ರಷ್ಯಾದ ಸೋಯುಜ್ ನೌಕೆ ಕೂಡ ಮರಳುತ್ತದೆ ಅಲ್ವಾ, ಯಾತ್ರಿಗಳು ಕೂತ ಭಾಗ ಪ್ಯಾರಾಶೂಟ್ ಹಾಕಿಕೊಂಡು ಇಳಿಯುತ್ತದೆ. ಆದರೆ ಅದು ಮತ್ತೆ ಹಾರುವುದಿಲ್ಲ, ಪ್ರತಿ ಸಲ ಹೊಸದು ಕಟ್ಟುತ್ತಾರೆ. ಮರಳುವುದು ಬೇರೆ, ಮತ್ತೆ ಹಾರುವುದು ಬೇರೆ. ಫಲಕ ಹೇಳಬೇಕಾದ್ದೇ ಈ ವ್ಯತ್ಯಾಸ.

---

ಷಟಲ್ ಅಂದರೆ ನೇಕಾರರ ಲಾಳಿ ಅನ್ನುವುದು ಯಾರಿಗೂ ಹೊಳೆಯಲಿಲ್ಲವೇ? ಹಾಸಿನ ಎಳೆಗಳ ನಡುವೆ ಆ ಕಡೆ ಈ ಕಡೆ ಓಡಾಡುವುದರಿಂದಲೇ ಇಂಗ್ಲಿಷಿನಲ್ಲಿ ಆ ಹೆಸರು ಬಂತು. ನಮ್ಮಲ್ಲಿ ಲಾಳಿ ಇರುವಾಗ ಸಾಲ ಯಾಕೆ? "ಬಾನಲಾಳಿ". ಒಂದೇ ಪದ, ನಾಲ್ಕೇ ಅಕ್ಷರ. ಈ ಮಾತನ್ನು ಹಿಂದೆಯೂ ಇಲ್ಲಿ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

---

ಈಗಲೂ ಹಾಕಿಕೊಳ್ಳುವುದಿಲ್ಲ. ಲಾಳಿ ಓದುಗರ ತಲೆಗೆ ಬಂದರೆ ತಾನೇ? ಅರ್ಥವೂ ಕೂಡುವುದಿಲ್ಲ. ಲಾಳಿ ಇಡಿಯಾಗಿ ಹೋಗಿ ಇಡಿಯಾಗಿ ಬರುತ್ತದೆ. ಷಟಲ್ಲಿನ ಆ ದೊಡ್ಡ ಇಂಧನ ಟ್ಯಾಂಕು ಪ್ರತಿ ಸಲ ಹೊಸದು. ಮೇಲೆ ತಳ್ಳುವ ಪಕ್ಕದ ಬೂಸ್ಟರ್‌ಗಳನ್ನು ಸಮುದ್ರದಿಂದ ಎತ್ತಿ ತಂದು ಬಿಚ್ಚಿ ಮತ್ತೆ ತುಂಬಬೇಕಿತ್ತು. ನೌಕೆಯ ಮೈಗೆ ಅಂಟಿಸಿದ್ದ ಶಾಖ ತಡೆಯುವ ಬಿಲ್ಲೆಗಳು 20 ಸಾವಿರಕ್ಕೂ ಜಾಸ್ತಿ, ಇಳಿದಾಗಲೆಲ್ಲ ಅವನ್ನು ತಪಾಸಣೆ ಮಾಡಿ, ಕೆಟ್ಟಿದ್ದನ್ನು ಬದಲಿಸಿ, ಮತ್ತೆ ಹಾರುವ ಹೊತ್ತಿಗೆ ತಿಂಗಳುಗಳೇ ಆಗುತ್ತಿದ್ದವು. ಅಗ್ಗವಾಗುತ್ತದೆ ಅಂತ ಕಟ್ಟಿದ್ದು ಅಗ್ಗವಾಗಲಿಲ್ಲ. ಡ್ರ್ಯಾಗನ್ನೂ ಇಡಿಯಾಗಿ ಬರುವುದಿಲ್ಲ, ಮುಂಭಾಗದ ಕ್ಯಾಪ್ಸೂಲ್ ಮಾತ್ರ ಬರುತ್ತದೆ, ಹಿಂಭಾಗ ವಾತಾವರಣದಲ್ಲಿ ಸುಟ್ಟುಹೋಗುತ್ತದೆ. 2020ರಲ್ಲಿ ಇಬ್ಬರನ್ನು ಒಯ್ದ ಎಂಡೆವರ್ ಕ್ಯಾಪ್ಸೂಲೇ 2021ರಲ್ಲಿ ನಾಲ್ವರನ್ನು ಒಯ್ದಿತು. ಅದನ್ನು ಲಾಳಿ ಅಂತೀರಾ? ಅದು ಓಡುವುದೂ ಇಲ್ಲ, ನೀರಿಗೆ ಬೀಳುತ್ತದೆ.

---

ಹಾಗಾದರೆ ಬೂಸ್ಟರ್, ಕ್ಯಾಪ್ಸೂಲ್, ಟ್ಯಾಂಕು ಎಲ್ಲ ಕನ್ನಡವಾಯಿತೇ? ಹೀಗೇ ಒಂದೊಂದಾಗಿ ಒಳಗೆ ಬಿಟ್ಟುಕೊಂಡರೆ ಕೊನೆಗೆ ವಿಭಕ್ತಿ ಮಾತ್ರ ನಮ್ಮದು ಉಳಿಯುತ್ತದೆ.

---

ವಿಭಕ್ತಿ ನಮ್ಮದಾದರೆ ವಾಕ್ಯವೂ ನಮ್ಮದೇ. ಬಸ್ಸು ಹತ್ತುವಾಗ ಯಾರೂ ಪದಕೋಶ ತೆಗೆಯುವುದಿಲ್ಲ. ಇರಲಿ, ಕೇಳಿದವರಿಗೆ ಪದ ಬೇಕು, ನಮ್ಮ ಜಗಳವಲ್ಲ. "ಮತ್ತೆ ಹಾರುವ ಗಗನನೌಕೆ" ಅಂತ ಬರೆದುಬಿಡಿ.

---

ಅದರಲ್ಲಿ ಜನ ಎಲ್ಲಿ? ಸರಕು ಒಯ್ಯುವ ಡ್ರ್ಯಾಗನ್ ಕೂಡ ಮತ್ತೆ ಹಾರುತ್ತದೆ. "ಸಿಬ್ಬಂದಿ ನೌಕೆ" ಅನ್ನಿ.

---

ಸಿಬ್ಬಂದಿ ಪಾರ್ಸಿ ಪದ, ಮರಾಠಿ ದಾರಿಯಲ್ಲಿ ಬಂದದ್ದು. ಲಾಳಿ ಬೇಡ, ಸಿಬ್ಬಂದಿ ಬೇಕು! ಭೇಷ್.

---

ಪ್ರಶ್ನೆ ಕೇಳಿದವನು ನಾನೇ. "ಮತ್ತೆ ಹಾರುವ ಯಾತ್ರಿನೌಕೆ" ಅಂತ ಕಳಿಸಿಬಿಟ್ಟೆ. ಮೂರೇ ಪದ, ಜನರೂ ಒಳಗಿದ್ದಾರೆ. ಟ್ಯಾಂಕು, ಬಿಲ್ಲೆಗಳ ವಿಷಯವನ್ನು ಕೆಳಗಿನ ವಿವರಣೆಗೆ ಸೇರಿಸಿದ್ದೇನೆ, ಅದಕ್ಕೆ ಥ್ಯಾಂಕ್ಸ್.

---

ಯಾತ್ರಿ ಅಂದರೆ ತೀರ್ಥಯಾತ್ರೆಗೆ ಹೊರಟವನು. ತಪ್ಪು ಪ್ರಯೋಗ.

---

ಪತ್ರಿಕೆಗಳು ಇಷ್ಟು ವರ್ಷ ಗಗನಯಾತ್ರಿ ಅಂತ ಬರೆಯುವಾಗ ಎಲ್ಲಿದ್ದಿರಿ ಮೇಷ್ಟ್ರೇ?