ಕನ್ನಡದಲ್ಲಿ ಸನ್ನೆ ಭಾಷೆ ಕಲಿಸೋ ಆ್ಯಪ್ ಮಾಡ್ತಿದ್ದೀನಿ, ಕ್ಯಾಮೆರಾ ಚೆಕ್ಕಿಂಗ್ ಬೇಕಾ ಬೇಡ್ವಾ?

ಸೋಮವಾರಪೇಟೆ_ಕಾಫಿ:
ಎಲ್ರಿಗೂ ನಮಸ್ಕಾರ. ನಮ್ಮಕ್ಕನ ಮಗಳಿಗೆ ಆರು ವರ್ಷ, ಕಿವಿ ಕೇಳಲ್ಲ. ಸ್ಕೂಲಲ್ಲಿ ಸನ್ನೆ ಚೆನ್ನಾಗಿ ಕಲೀತಿದಾಳೆ, ಹಿಂದೆ ಬಿದ್ದಿರೋದು ಮನೆಯವ್ರು. ಡೆಲ್ಲಿಯ ಐಎಸ್‌ಎಲ್‌ಆರ್‌ಟಿಸಿ, ಅಂದ್ರೆ ಭಾರತೀಯ ಸನ್ನೆ ಭಾಷೆಯ ಸರ್ಕಾರಿ ಕೇಂದ್ರದವ್ರು, 2021ರಲ್ಲೇ ಸನ್ನೆ ಡಿಕ್ಷನರಿನ 10,000 ಪದಕ್ಕೆ ತಂದ್ರು, ಆದ್ರೆ ಆಗ ಅದ್ರಲ್ಲಿದ್ದಿದ್ದು ಇಂಗ್ಲಿಷ್ ಹಿಂದಿ, ಅದೆರಡೂ ಬರದೇ ಇರೋ ನಮ್ಮಮ್ಮ ಹುಡುಕೋದು ಹೇಗೆ? ಅದಕ್ಕೆ ಫ್ಲಟರ್ ಅನ್ನೋ ಆ್ಯಪ್ ಕಟ್ಟೋ ಟೂಲಲ್ಲಿ ಒಂದು ಆ್ಯಪ್ ಮಾಡ್ತಿದ್ದೀನಿ, ಕನ್ನಡ ಪದ ಒತ್ತಿದ್ರೆ ವಿಡಿಯೋ ಬರುತ್ತೆ, ಆಮೇಲೆ ನಾವು ಮಾಡಿ ತೋರಿಸಿದ್ರೆ ಕ್ಯಾಮೆರಾ ಸರಿ ತಪ್ಪು ಹೇಳ್ಬೇಕು. ಎರಡು ಕೈ ಒಂದರ ಮೇಲೊಂದು ಬಂದ ತಕ್ಷಣ ಕ್ಯಾಮೆರಾ ಲೆಕ್ಕ ತಪ್ಪುತ್ತೆ. ಮಳೆಗಾಲದಲ್ಲಿ ಕರೆಂಟೂ ಇರಲ್ಲ ನೆಟ್ಟೂ ಇರಲ್ಲ, ಅದಕ್ಕೇನು ಮಾಡೋದು?

ವಿರಾಜಪೇಟೆ_ಡೆವ್:
ಕ್ಯಾಮೆರಾದಲ್ಲಿ ಕೈ ಗುರುತಿಸೋಕೆ ಗೂಗಲ್‌ನವ್ರ ಮೀಡಿಯಾಪೈಪ್ ಸಾಫ್ಟ್‌ವೇರ್ ಹಾಕಿದೀರ ಅನ್ಸುತ್ತೆ. ಅದು ಒಂದೊಂದು ಕೈಯಲ್ಲಿ 21 ಪಾಯಿಂಟ್ ಹಿಡಿಯುತ್ತೆ, ಒಂದು ಕೈ ಇನ್ನೊಂದನ್ನ ಮುಚ್ಚಿದ್ರೆ ಹಿಂದಿನ ಬೆರಳು ಎಲ್ಲಿದೆ ಅಂತ ಊಹೆ ಮಾಡುತ್ತೆ ಅಷ್ಟೆ. ಅಮೆರಿಕದವ್ರು ಅಕ್ಷರನ ಒಂದೇ ಕೈಯಲ್ಲಿ ತೋರಿಸ್ತಾರೆ, ನಮ್ಮಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಎರಡೂ ಕೈ ಬೇಕು, ಹಾಗಾಗಿ ಸನ್ನೆ ಗುರುತಿಸೋ ಅವರ ಮಾಡೆಲ್ ತಂದು ಹಾಕಿದ್ರೆ ನಡೆಯಲ್ಲ. ಭಾರತೀಯ ಸನ್ನೆಗೆ ಅಂತ ಇರೋ ಇನ್‌ಕ್ಲೂಡ್ ಡೇಟಾಸೆಟ್ಟಲ್ಲೂ (ಮಾಡೆಲ್‌ಗೆ ಕಲಿಸೋಕೆ ಕೂಡಿಸಿರೋ ವಿಡಿಯೋ ಸಂಗ್ರಹ) 263 ಪದಕ್ಕೆ 4,287 ವಿಡಿಯೋ, ಅಂದ್ರೆ ಪದಕ್ಕೆ ಸರಾಸರಿ ಹದಿನಾರು. ಮೊದಲ ವರ್ಷನ್‌ನಲ್ಲಿ ಕ್ಯಾಮೆರಾ ಬಿಡಿ. ವಿಡಿಯೋ ತೋರಿಸಿ, ನಾಲ್ಕು ಚಿತ್ರ ಕೊಟ್ಟು ಯಾವುದು ಅಂತ ಕೇಳಿ. ಕ್ಲಿಪ್ ಎಲ್ಲ ಚಿಕ್ಕದು ಮಾಡಿ ಫೋನಲ್ಲೇ ಇಡಿ, ನೆಟ್ ಬೇಕಾಗೋದೇ ಇಲ್ಲ.

ಕುಶಾಲನಗರ_ಟೀಚರ್:
ಚಿತ್ರದ ಆಟ ಒಳ್ಳೇದೇ, ಆದ್ರೆ ಬರೀ ಪದ ಕಲಿಸಿ ನಿಲ್ಲಿಸ್ಬೇಡಿ. ಮನೆಯವ್ರು ಏನ್ಮಾಡ್ತಾರೆ ಅಂದ್ರೆ ಕನ್ನಡ ವಾಕ್ಯಾನೇ ಇಟ್ಕೊಂಡು ಪದಕ್ಕೊಂದು ಸನ್ನೆ ಜೋಡಿಸ್ತಾ ಹೋಗ್ತಾರೆ, ಮಗು ಮುಖ ಮುಖ ನೋಡುತ್ತೆ. "ಎಲ್ಲಿಗೆ ಹೋಗ್ತಿದೀಯ" ಅನ್ನೋದು ಸನ್ನೆಯಲ್ಲಿ "ನೀನು, ಹೋಗು, ಎಲ್ಲಿ" ಅಂತ ಬರುತ್ತೆ, ಪ್ರಶ್ನೆ ಪದ ಕೊನೆಗೆ. ಇಲ್ಲ ಅನ್ನೋದೂ ಕೊನೆಗೇ. ಹೌದಾ ಅಲ್ವಾ ಅಂತ ಕೇಳೋವಾಗ ಹುಬ್ಬು ಏರ್ಬೇಕು, ಇಲ್ಲಾಂದ್ರೆ ಅದು ಪ್ರಶ್ನೇನೇ ಅಲ್ಲ! ಹಾಗಾಗಿ ವಿಡಿಯೋದಲ್ಲಿ ತಲೆಯಿಂದ ಸೊಂಟದವರೆಗೂ ಕಾಣ್ಬೇಕು, ಕೈ ಮಾತ್ರ ಝೂಮ್ ಮಾಡಿರೋ ಆ್ಯಪ್ ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ನಿಧಾನಕ್ಕೆ ಓಡಿಸೋ ಬಟನ್ ಕೊಡಿ, ಪಕ್ಕದಿಂದ ತೆಗೆದ ಕ್ಲಿಪ್ ಇದ್ರೆ ಇನ್ನೂ ಒಳ್ಳೇದು.

ಸೋಮವಾರಪೇಟೆ_ಕಾಫಿ:
ಥ್ಯಾಂಕ್ಸ್ ಮೇಡಂ, ಹುಬ್ಬಿನ ವಿಷ್ಯ ಯಾರೂ ಹೇಳಿರ್ಲಿಲ್ಲ. ಇನ್ನೊಂದು ಡೌಟು, ಕಡುಬು, ಜಿಗಣೆ, ಕಾಳುಮೆಣಸು, ಕಾಫಿ ಕುಯ್ಲು, ಇಂಥವು ಡಿಕ್ಷನರಿಯಲ್ಲಿ ಸಿಗದಿದ್ರೆ ನಾವೇ ಒಂದು ಸನ್ನೆ ಮಾಡ್ಕೊಳ್ಳೋದಾ?

ಮಡಿಕೇರಿ_ಮಂಜು:
ದಯವಿಟ್ಟು ಮಾಡ್ಕೋಬೇಡಿ. ನಾನು ಕಿವಿ ಕೇಳದವನು, ಚಿಕ್ಕಂದಿನಿಂದ ಸನ್ನೆಯಲ್ಲೇ ಮಾತಾಡೋದು. ಕೇಳಿಸೋರು ಕೂತು ಸನ್ನೆ ಕಟ್ಟಿದ್ರೆ ಅದು ನಿಮ್ಮ ಮನೆಯೊಳಗೇ ಉಳಿಯುತ್ತೆ, ಮಗು ನಾಳೆ ಮೈಸೂರಿಗೆ ಹೋದ್ರೆ ಯಾರಿಗೂ ಅರ್ಥ ಆಗಲ್ಲ. ನಾವು ಕಾಫಿ ತೋಟದ ಬಗ್ಗೆ ದಿನಾ ಮಾತಾಡ್ತೀವಿ, ನಮ್ಮ ಹತ್ರ ಅದಕ್ಕೆ ಸನ್ನೆ ಇರುತ್ತೆ, ಕೇಳಿ. ಒಂದು ಪದಕ್ಕೆ ಎರಡು ಸನ್ನೆ ಬಳಕೆಯಲ್ಲಿದ್ರೆ ಎರಡನ್ನೂ ಹಾಕಿ. ವಿಡಿಯೋದಲ್ಲೂ ಕಿವಿ ಕೇಳದವ್ರೇ ಇರ್ಲಿ, ಅವರ ಸಮಯಕ್ಕೆ ದುಡ್ಡು ಕೊಡಿ, ಮತ್ತೆ ಆ್ಯಪ್ ಹೊರಗೆ ಬಿಡೋ ಮುಂಚೆ ಒಂದೊಂದು ಕ್ಲಿಪ್ಪೂ ಅವ್ರು ನೋಡಿ ಸರಿ ಅಂದ್ಮೇಲೇ ಸೇರ್ಸಿ. ಕುಯ್ಲು ಮುಗಿದ್ಮೇಲೆ ಫೆಬ್ರವರಿ ಮಾರ್ಚ್ ಹೊತ್ತಿಗೆ ನಾವು ಕೆಲವರು ಮಡಿಕೇರಿಯಲ್ಲಿ ಸಿಗ್ತೀವಿ, ಪದಗಳ ಪಟ್ಟಿ ತಗೊಂಡು ಬನ್ನಿ, ಅಕ್ಕನ ಮಗಳನ್ನೂ ಕರ್ಕೊಂಡು ಬನ್ನಿ.